ಅಕ್ಕಿ ಆರಿಸುತ್ತಿದ್ದ ಅವ್ವ

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನಲ್ಲಿ 1991ರಲ್ಲಿ ಕಾಫಿ ಪಾತ್ರೆಯೊಂದರ ಎದುರು ಕ್ಯಾಮೆರಾ ಇಟ್ಟಿದ್ದರು. ದೂರದ ಕೋಣೆಗಳಲ್ಲಿ ಕೂತವರು ಅಲ್ಲಿತನಕ ನಡೆದುಬಂದು ಖಾಲಿ ಪಾತ್ರೆ ನೋಡಿ ಹಿಂತಿರುಗುವುದು ತಪ್ಪಲಿ ಅಂತ. 128 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಕಪ್ಪು-ಬಿಳುಪು ಚಿತ್ರ, ನಿಮಿಷಕ್ಕೆ ಸುಮಾರು ಮೂರು ಸಲ ಬದಲಾಗುತ್ತಿತ್ತು. 1993ರಲ್ಲಿ ಅದು ವೆಬ್ಬಿಗೆ ಬಂತು; ಆ ಕಾಫಿಯನ್ನು ಎಂದೂ ಕುಡಿಯಲಾರದವರೂ ಎಲ್ಲೆಲ್ಲಿಂದಲೋ ನೋಡಿದರು. 2001ರ ಆಗಸ್ಟಿನಲ್ಲಿ ನಿಲ್ಲಿಸಿದರು. ನೋಡಿಸಿಕೊಂಡದ್ದರಿಂದ ಪಾತ್ರೆಗೇನೂ ಆಗಲಿಲ್ಲ.

ನಾನು ಕ್ಯಾಮೆರಾ ಹಾಕಿಸಿದ್ದು ಧಾರವಾಡದ ಮನೆಯ ಕಟ್ಟೆಗೆ. ಅವ್ವನನ್ನು ಕೇಳಿಯೇ ಹಾಕಿಸಿದೆ. 'ನಿನಗ ಸಮಾಧಾನ ಆಗೂದಾದ್ರ ಹಾಕು' ಅಂದಳು. ಇದನ್ನು ಒಪ್ಪಿಗೆ ಅನ್ನಬಹುದೋ ಇಲ್ಲವೋ, ಅದು ಬೇರೆ ಮಾತು. ಇಪ್ಪತ್ತು ಸೆಕೆಂಡಿಗೊಮ್ಮೆ ಹೊಸ ಚಿತ್ರ ತರುವ ಪುಟವನ್ನು ನಾನೇ ಬರೆದೆ. ಒಂದೇ ಹೆಸರಿನ ಚಿತ್ರವಾದರೆ ಬ್ರೌಸರ್ ತನ್ನಲ್ಲಿರುವ ಹಳೆಯ ಪ್ರತಿಯನ್ನೇ ತೋರಿಸಿ ಕೈತೊಳೆದುಕೊಳ್ಳಬಹುದು. ಅದಕ್ಕೇ ವಿಳಾಸದ ತುದಿಗೆ ಪ್ರತಿಸಲ ಆ ಕ್ಷಣದ ಸಮಯ ಸೇರಿಸಿದ್ದೆ. ಪುಣೆಯ ಆಫೀಸಿನಲ್ಲಿ ಕೂತು, ಎಂಥ ಮುಂಜಾಗ್ರತೆ ಅಂತ ಬೀಗಿದ್ದೆ ಕೂಡ.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಅವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಮೀಟಿಂಗಿನ ನಡುವೆ ನಾಲ್ಕು ಸಲ ನೋಡಿದೆ. ಆರಿಸುತ್ತಲೇ ಇದ್ದಳು. ನಾಲ್ಕೂವರೆಗೆ ಪಕ್ಕದ ಮನೆಯ ಕಾಕು ಫೋನ್ ಮಾಡಿದರು. ಅವ್ವ ಎರಡೂವರೆಗೇ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು, ಮುಂಗೈ ಮುರಿದಿತ್ತು. ಓಣಿಯಲ್ಲಿ ಕರೆಂಟ್ ಹೋಗಿ ಕ್ಯಾಮೆರಾ ನಿಂತಿತ್ತು. ಸರ್ವರಿನಲ್ಲಿ ಉಳಿದಿದ್ದ ಕೊನೆಯ ಚಿತ್ರವನ್ನೇ ನನ್ನ ಪುಟ ಇಪ್ಪತ್ತು ಸೆಕೆಂಡಿಗೊಮ್ಮೆ ನಿಷ್ಠೆಯಿಂದ ಹೊಸದಾಗಿ ತರುತ್ತಿತ್ತು. ಹೊಸದಾಗುತ್ತಿದ್ದದ್ದು ನನ್ನ ಕೇಳಿಕೆ ಮಾತ್ರ.

ತಾಂತ್ರಿಕ ತಪ್ಪನ್ನು ಅದೇ ರಾತ್ರಿ ತಿದ್ದಿದೆ. ಈಗ ಚಿತ್ರ ತೆಗೆದ ಹೊತ್ತು ಮೂಲೆಯಲ್ಲೇ ಕಾಣುತ್ತದೆ, ಹಳತಾದರೆ ಪರದೆ ಕೆಂಪಾಗುತ್ತದೆ. ನನ್ನನ್ನು ಕಾಡುವುದು ಇನ್ನೊಂದು. ಕ್ಯಾಮೆರಾ ಬರುವ ಮುಂಚೆ ದಿನಾ ಮೂರು ಗಂಟೆಗೆ ಫೋನ್ ಮಾಡುತ್ತಿದ್ದೆ. ಅವತ್ತೂ ಮಾಡಿದ್ದರೆ ಅವ್ವ ಎತ್ತುತ್ತಿರಲಿಲ್ಲ, ನಾನು ತಕ್ಷಣ ಕಾಕುಗೆ ಹೇಳುತ್ತಿದ್ದೆ. ಆ ಫೋನನ್ನು ನಿಲ್ಲಿಸಬೇಕೆಂದು ನಾನು ಎಂದೂ ತೀರ್ಮಾನಿಸಿರಲಿಲ್ಲ. 'ಕಾಣ್ತಾಳಲ್ಲ' ಅಂತ ತಾನಾಗಿ ನಿಂತಿತ್ತು. ಫೋನಿನಲ್ಲಾದರೆ ಊಟ ಆಯ್ತೇನು ಅಂತ ಅವಳೂ ನನ್ನನ್ನು ಕೇಳುತ್ತಿದ್ದಳು, ಉತ್ತರ ಕೊಡಬೇಕಿತ್ತು. ನೋಡುವುದಕ್ಕೆ ನಾನು ಏನನ್ನೂ ಕೊಡಬೇಕಿರಲಿಲ್ಲ.

ಹಾಗಂತ ಕ್ಯಾಮೆರಾ ತೆಗೆಸಿಲ್ಲ, ತೆಗೆಸುವ ಧೈರ್ಯವೂ ಇಲ್ಲ. ಒಂಟಿ ತಂದೆ-ತಾಯಿಯನ್ನು ಊರಲ್ಲಿ ಬಿಟ್ಟು ಬಂದವರಿಗೆ ತೆಗೆಸಿ ಅಂತ ಹೇಳುವ ಯೋಗ್ಯತೆಯಂತೂ ನನಗಿಲ್ಲ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಅವ್ವ ವಾರದ ಮೇಲೆ ಕಟ್ಟೆಗೆ ಬಂದು, ಕ್ಯಾಮೆರಾದತ್ತ ಒಮ್ಮೆ ನೋಡಿ, ಫೋನಿನಲ್ಲಿ ಕೇಳಿದಳು: 'ನೀ ಅಂತೂ ನನ್ನ ನೋಡ್ತಿರ್ತೀ. ನಾ ನಿನ್ನ ಯಾವಾಗ ನೋಡೂದು?'

ದಸರಾಕ್ಕೆ ಬರುತ್ತೇನೆ ಅಂದೆ. ಹೂಂ ಅಂದಳು.