ಎರಡನೇ ಸಲದ ಜೂಜು

2024ರ ಯುಗಾದಿಗೆ ಇನ್ನೆರಡು ದಿನ ಇತ್ತು. ಊರಿಗೆ ಹೋಗೋಕೆ ಬ್ಯಾಗ್ ತುಂಬ್ತಿದ್ದೆ, ಚಿಕ್ಕಪ್ಪನ ಮಗನ ಫೋನು. "ಅಣ್ಣ, ಒಂದ್ ನಲ್ವತ್ ಸಾವ್ರ ಬೇಕಿತ್ತು ಕಣಣ್ಣ. ಮನೇಲಿ ಹೇಳ್ಬೇಡ." ಇಪ್ಪತ್ತಮೂರರ ಹುಡುಗ, ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಮಷೀನ್ ಆಪರೇಟರ್, ಕೈಗೆ ಬರೋದು ಹದಿನೆಂಟು ಸಾವಿರ. ಏನಕ್ಕೆ ಅಂತ ಕೇಳಿದ್ರೆ ಮೊದಲು ಬೈಕ್ ರಿಪೇರಿ ಅಂದ. ಆಮೇಲೆ ಫ್ರೆಂಡಿಗೆ ಹುಷಾರಿಲ್ಲ ಅಂದ. ಮೂರನೇ ಸಲ ಕೇಳಿದಾಗ ರಮ್ಮಿ ಅಂದ. ಆಡೋಕೆ ಸಾಲದ ಆಪ್‌ನಿಂದ ದುಡ್ಡು ಎತ್ತಿದ್ದ, ಈಗ ಅವರ ಕಡೆಯವರು ದಿನಕ್ಕೆ ಹತ್ತು ಸಲ ಫೋನ್ ಮಾಡ್ತಿದ್ರು.

"ನಿಂಗೆ ಬುದ್ಧಿ ಬ್ಯಾಡ್ವೇನ್ಲಾ?" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಅನ್ನಿಸ್ತು, ಈ ಪ್ರಶ್ನೆ ಕೇಳೋಕೆ ನಾನು ಯಾರು? 2019ರಿಂದ ಎರಡು ವರ್ಷ ನಾನು ಅನ್ನ ತಿಂದಿದ್ದು ದುಡ್ಡು ಕಟ್ಟಿ ಆಡುವ ಇಸ್ಪೀಟಿನ ಆಪ್ ಒಂದನ್ನ ನಡೆಸ್ತಿದ್ದ ಕಂಪನಿಯಲ್ಲಿ. ಅವನು ಆಡಿದ ಆಪ್ ನಮ್ಮದಲ್ಲ, ಬೇರೆ ಯಾರದೋ. ಆದರೆ ಒಳಗಿನ ಕರಾಮತ್ತು ಹೆಚ್ಚುಕಮ್ಮಿ ಒಂದೇ.

ನಮ್ಮ ಟೀಮಿಗೆ ಪೇಮೆಂಟ್ಸ್ ಕೆಲಸ. ದುಡ್ಡು ಹಾಕೋಕೆ ಮೊದಲು ಐದು ಸಲ ಒತ್ತಬೇಕಿತ್ತು, ಎರಡಕ್ಕೆ ಇಳಿಸಿದ್ವಿ. ಗೆದ್ದ ದುಡ್ಡು ವಾಪಸ್ ಪಡೆಯೋಕೆ ಮಾತ್ರ ಪ್ಯಾನ್ ಕಾರ್ಡಿನ ಫೋಟೊ, ಬ್ಯಾಂಕಿನ ವಿವರ, ಮೇಲೆ ಎರಡು ದಿನದ ಕಾಯುವಿಕೆ. ಆ ಎರಡೂ ದಿನ ಸ್ಕ್ರೀನ್ ಮೇಲೆ ಒಂದು ಬಟನ್ ಕೂತಿರ್ತಿತ್ತು. ಒತ್ತಿದ್ರೆ ವಿತ್‌ಡ್ರಾ ಕ್ಯಾನ್ಸಲ್, ದುಡ್ಡು ತಕ್ಷಣ ಆಟಕ್ಕೆ. ಅದನ್ನ ಎರಡು ಬಣ್ಣದಲ್ಲಿ ಮಾಡಿ, ಅರ್ಧ ಜನಕ್ಕೆ ಒಂದು, ಇನ್ನರ್ಧಕ್ಕೆ ಇನ್ನೊಂದು ತೋರಿಸಿ, ಯಾವುದನ್ನ ಹೆಚ್ಚು ಜನ ಒತ್ತುತ್ತಾರೆ ಅಂತ ನೋಡಿದ್ವಿ. ಹಸಿರು ಗೆದ್ದಿತು. ಕೋಡ್ ಬರೆದವನು ನಾನೇ. ಅವತ್ತು ಟೀಮಿಗೆಲ್ಲ ಬಿರಿಯಾನಿ ಪಾರ್ಟಿ. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ, ಹುಡುಗರನ್ನ ಹಾಳು ಮಾಡೋಣ ಅಂತ ಯಾವ ಮೀಟಿಂಗಿನಲ್ಲೂ ಯಾರೂ ಅನ್ನಲಿಲ್ಲ. 'ಫ್ರಿಕ್ಷನ್ ಕಮ್ಮಿ ಮಾಡೋಣ' ಅಂತಿದ್ವಿ, ಅಷ್ಟೇ.

ಈ ಫ್ರಿಕ್ಷನ್ ಅಂದ್ರೇನು ಅಂತ ಊರಲ್ಲಿ ನೋಡಬೇಕು. ನಮ್ಮೂರು ನಾಗಮಂಗಲದ ಕಡೆ. ಅಲ್ಲಿ ಯುಗಾದಿ ಬಂತು ಅಂದ್ರೆ ಅರಳಿಕಟ್ಟೆ ಮೇಲೆ ಇಸ್ಪೀಟು ಶುರು, ಹೊಸ ತೊಡಕಿನ ದಿನ ಮಾಂಸದೂಟ ಮಾಡಿಯೂ ಆಡ್ತಾರೆ. ಜೇಬಲ್ಲಿದ್ದದ್ದು ಖಾಲಿಯಾದ್ರೆ ಪಕ್ಕದವನ ಹತ್ರ ಕೇಳಬೇಕು, ಕೇಳುವಾಗ ಅವನ ಮುಖ ನೋಡಬೇಕು. ಕತ್ತಲಾದ್ರೆ ಎಲೆ ಕಾಣಲ್ಲ. ಒಂದು ವರ್ಷ ನಮ್ಮ ದೊಡ್ಡಪ್ಪ ಗೊಬ್ಬರಕ್ಕಿಟ್ಟಿದ್ದ ದುಡ್ಡು ತಂದು ಕೂತಿದ್ದ. ಅಜ್ಜಿ ಪೊರಕೆ ಹಿಡಿದು ಬಂದವಳು ಮಗನಿಗೆ ಹೊಡೀಲಿಲ್ಲ. ಹರಡಿದ್ದ ಎಲೆಯನ್ನೆಲ್ಲ ಗುಡಿಸಿ ಚರಂಡಿಗೆ ಹಾಕಿ, ಮಾತಾಡದೆ ವಾಪಸ್ ಹೋದಳು. ಊರನ್ನ ಹೊಗಳ್ತಿದ್ದೀನಿ ಅಂದುಕೋಬೇಡಿ. ಅದೇ ಊರಲ್ಲಿ ಓಸಿ ಚೀಟಿಗೆ ಹೊಲ ಹೋದವರೂ ಇದ್ದಾರೆ. ಚೀಟಿ ಜೇಬಲ್ಲಿರ್ತಿತ್ತು, ಯಾರಿಗೂ ಕಾಣ್ತಿರಲಿಲ್ಲ, ಗುಡಿಸೋಕೆ ಅಜ್ಜಿಗೆ ಏನೂ ಸಿಗ್ತಿರಲಿಲ್ಲ. ಮೊಬೈಲಿನ ಜೂಜು ಆ ಚೀಟಿಯ ಜಾತಿಯದು.

ಇನ್ನೊಂದು ಮಾತು, ಕೌಶಲದ್ದು. ರಮ್ಮಿಯಲ್ಲಿ ಕೌಶಲವೇ ಮುಖ್ಯ ಅಂತ ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜು ನಿಷೇಧಿಸಿದಾಗ, 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಅಂಶಗಳನ್ನ ರದ್ದು ಮಾಡಿತು. ಅಲ್ಲೂ ಕೌಶಲದ ವಾದ ಇತ್ತು. ಕಾನೂನಿನ ಲೆಕ್ಕ ಏನೇ ಇರಲಿ, ಸೋತ ಹುಡುಗನ ತಲೆಯಲ್ಲಿ ಈ ಪದ ಬೇರೆಯೇ ಕೆಲಸ ಮಾಡುತ್ತೆ. ಬರೀ ಅದೃಷ್ಟದ ಆಟದಲ್ಲಿ ಸೋತವನು ಹಣೆಬರಹವನ್ನ ಬೈದುಕೊಂಡು ಏಳಬಹುದು. ಕೌಶಲದ ಆಟದಲ್ಲಿ ಸೋತವನಿಗೆ ಇನ್ನೂ ಕಲಿಯೋದಿದೆ, ನಾಳೆ ಚೆನ್ನಾಗಿ ಆಡ್ತೀನಿ ಅನ್ನಿಸುತ್ತೆ. ನಮ್ಮ ಹುಡುಗ ಯೂಟ್ಯೂಬಿನಲ್ಲಿ ರಮ್ಮಿ ಪಾಠ ಬೇರೆ ನೋಡ್ತಿದ್ದ.

ಯುಗಾದಿ ದಿನ ಮಹಡಿ ಮೇಲೆ ಕೂತು ಮೊಬೈಲ್ ತೋರಿಸಿದ. ಒಂದು ರಾತ್ರಿ ಇಪ್ಪತ್ತೆರಡು ಸಾವಿರ ಗೆದ್ದಿದ್ದಾನೆ, ವಿತ್‌ಡ್ರಾ ಕೂಡ ಹಾಕಿದ್ದಾನೆ. ಎರಡನೇ ರಾತ್ರಿ ಕ್ಯಾನ್ಸಲ್ ಒತ್ತಿ, ಬೆಳಗಿನ ಜಾವದೊಳಗೆ ಅಷ್ಟನ್ನೂ ಕಳೆದಿದ್ದಾನೆ.

ನನಗೆ ಧರ್ಮರಾಯ ನೆನಪಾದ. ಅವನು ಜೂಜಾಡಿದ್ದು ಒಂದು ಸಲ ಅಂತಲೇ ನಾವು ಕಥೆ ಹೇಳ್ತೀವಿ. ಮೊದಲ ಸಲ ಸೋತದ್ದನ್ನೆಲ್ಲ, ದ್ರೌಪದಿ ವರ ಕೇಳಿದ ಮೇಲೆ, ಧೃತರಾಷ್ಟ್ರ ವಾಪಸ್ ಕೊಟ್ಟಿದ್ದ. ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದಿದ್ದರು. ಆ ದಾರಿಯಲ್ಲಿ ದೂತ ಬಂದು ಇನ್ನೊಂದಾಟಕ್ಕೆ ಕರೆದ. ವನವಾಸ ಬಂದದ್ದು ಆ ಎರಡನೇ ಆಟದಿಂದ. ಹೋದವನು ಧರ್ಮರಾಯನೇ, ಅವನ ತಪ್ಪು ಅವನದೇ. ನಮ್ಮ ಹುಡುಗನೂ ಅಷ್ಟೇ, ಮನೆಯವರಿಗೆ ಸುಳ್ಳು ಹೇಳಿದ್ದು ಅವನೇ. ಆದರೆ ಮನೆ ದಾರಿ ಹಿಡಿದವನನ್ನ ಯಾವ ಗಳಿಗೆಯಲ್ಲಿ ಕರೆದರೆ ತಿರುಗಿ ಬರ್ತಾನೆ ಅಂತ ಲೆಕ್ಕ ಹಾಕಿ ದೂತನನ್ನ ಕಳಿಸಿದವನು, 'ಅವನೇ ಬಂದ, ನಾವೇನು ಕೈ ಹಿಡಿದು ಎಳೆದ್ವಾ' ಅನ್ನೋ ಹಾಗಿಲ್ಲ. ನಿಲ್ಲುವ ಜಾಗಗಳನ್ನ ಒಂದೊಂದಾಗಿ ಕಿತ್ತು ಹಾಕೋಕೆ ಸಂಬಳ ತಗೊಂಡವನು ನಾನು. ನಿಲ್ಲಬಹುದಿತ್ತಲ್ಲ ಅಂತ ನಾನು ಹೇಳಿದ್ರೆ ಅದಕ್ಕೆ ತೂಕ ಇರಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಶಿಕ್ಷೆ ಇಟ್ಟಿರೋದು ದುಡ್ಡಿನ ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ. ಆಡುವವನಿಗೆ ಇಲ್ಲ. ಅಷ್ಟರ ಮಟ್ಟಿಗೆ ಸರಿ ಅನ್ನಿಸಿತು.

ಆದರೆ ನಮ್ಮ ಆಫೀಸಿನ ಊಟದ ಟೇಬಲ್ಲಿಗೆ ಈ ಕಾಯ್ದೆ ಬರಲ್ಲ. ಎಕ್ಸ್‌ಪೈರಿ ದಿನ ಮಧ್ಯಾಹ್ನ ಒಂದು ಕೈಯಲ್ಲಿ ಚಪಾತಿ, ಇನ್ನೊಂದರಲ್ಲಿ ನಿಫ್ಟಿ ಆಪ್ಷನ್. ಇದ್ದ ಷೇರಿಗೆ ರಕ್ಷಣೆಯಾಗಿ ಆಪ್ಷನ್ ಕೊಳ್ಳೋದು ಬೇರೆ. ಇನ್ನೊಂದು ಗಂಟೆಯಲ್ಲಿ ಸಾಯುವ ಆಪ್ಷನ್ನಿಗೆ ದುಡ್ಡು ಹಾಕಿ ಪ್ರಾರ್ಥನೆ ಮಾಡೋದನ್ನ ನಾವು ಟ್ರೇಡಿಂಗ್ ಅಂತೀವಿ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವ್ಯಕ್ತಿಗಳ ಪೈಕಿ ನೂರಕ್ಕೆ 93 ಮಂದಿ ಸೋತಿದ್ದಾರೆ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಮೂವತ್ತು ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ 43ಕ್ಕೆ ಏರಿದೆ. ಸತತ ಎರಡು ವರ್ಷ ಸೋತವರಲ್ಲಿ ಮುಕ್ಕಾಲಕ್ಕಿಂತ ಹೆಚ್ಚು ಜನ ಮತ್ತೆ ಅಲ್ಲೇ ಮುಂದುವರಿದಿದ್ದಾರೆ. ನಾನೂ ಆ 93ರಲ್ಲಿ ಒಬ್ಬ. ಎಷ್ಟು ಅಂತ ಹೆಂಡತಿಗೆ ಮಾತ್ರ ಗೊತ್ತು, ಅದೂ ಪೂರ್ತಿ ಅಲ್ಲ.

ಅವನ ಕೈಗೆ ಕೊಡದೆ ಸಾಲದ ದುಡ್ಡನ್ನ ನಾನೇ ಕಟ್ಟಿದೆ. ಕಟ್ಟಿ ಮುಗಿದ ಮೇಲೆ ಅವನು ಕೇಳಿದ, "ಅಣ್ಣ, ದುಡ್ಡು ಹಾಕುದ್ರೆ ಒಂದ್ ಸೆಕೆಂಡಿಗೆ ಹೋಯ್ತದೆ. ವಾಪಸ್ ಬರಕ್ಕೆ ಎರಡ್ ದಿನ ಯಾಕೆ? ಬ್ಯಾಂಕಿನೋರು ತಡ ಮಾಡ್ತಾರಾ?"

ಬ್ಯಾಂಕಿನವರಲ್ಲ ಅಂದೆ. ಯಾಕೆ ಅಂತ ಹೇಳಿದೆ. ಬಟನ್ನಿನ ಬಣ್ಣದ ಕಥೆಯನ್ನೂ ಹೇಳಿದೆ. ಕೆಳಗಿನಿಂದ ಚಿಕ್ಕಮ್ಮ ಒಬ್ಬಟ್ಟು ಆರಿಹೋಗ್ತದೆ ಬನ್ರೋ ಅಂತ ಎರಡು ಸಲ ಕೂಗಿದರು. ಅವನು ಎದ್ದು ಮೆಟ್ಟಿಲವರೆಗೆ ಹೋಗಿ ನಿಂತ.

"ನಂದೂ ಹಸ್ರುದೇ ಇತ್ತು ಕಣಣ್ಣ," ಅಂದ.