ಆಳು, ಮಗ, ತಾನು

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಈ ಗಾದೆ ಹೆಚ್ಚಾಗಿ ಕಿವಿಗೆ ಬೀಳುವುದು ಗದ್ದೆಯ ಬದುವಿನ ಮೇಲೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆಗೆ ನೀರು ಬಂದು ಭತ್ತದ ನಾಟಿ ಶುರುವಾದಾಗ, ಒಡೆದ ಬದುವನ್ನೋ ಅರೆಬರೆ ನೆಟ್ಟ ಮಡಿಯನ್ನೋ ಕಂಡ ಯಜಮಾನ ಇದನ್ನು ಹೇಳಿಯೇ ಹೇಳುತ್ತಾನೆ. ಹೇಳುವವನು ಯಾವಾಗಲೂ ಹೊಲದ ಒಡೆಯ. ಆಳಿನ ಬಾಯಿಂದ ನಾನು ಈ ಮಾತನ್ನು ಕೇಳಿಲ್ಲ.

ಗಾದೆಯಲ್ಲಿ ಸುಳ್ಳಿಲ್ಲ. ಹೊಲ ಚಿಕ್ಕದಾಗಿದ್ದು, ಕೆಲಸವೆಲ್ಲ ಒಬ್ಬನ ಕಣ್ಣಳತೆಯಲ್ಲಿ ನಡೆಯುವಾಗ ಒಡೆಯನ ಮುತುವರ್ಜಿಗೆ ಸಮನಾದುದು ಬೇರೊಂದಿಲ್ಲ. ಬೆಳೆ ತನ್ನದು ಎನ್ನುವವನು ಸರಿರಾತ್ರಿ ಎದ್ದು ಹೋಗಿ ನೀರು ತಿರುಗಿಸುತ್ತಾನೆ. ಕೂಲಿಯವನೂ ಹಾಗೆ ಎದ್ದು ಹೋಗಬೇಕೆಂದು ಬಯಸುವುದು ನ್ಯಾಯವಲ್ಲ. ಆದರೆ ಇದೇ ಮಾತನ್ನು ಕಟ್ಟಡದ ಕೆಲಸಕ್ಕೆ ಹಚ್ಚಿ ನೋಡಿದರೆ ಮೂರನೆಯ ಪಾದ ನಿಲ್ಲುವುದಿಲ್ಲ. ಅಲ್ಲಿ ‘ತಾನು’ ಯಾರು? ಕಟ್ಟಿಸುವ ಯಜಮಾನರಿಗೆ ಕಬ್ಬಿಣ ಕಟ್ಟಲು ಬರುವುದಿಲ್ಲ. ನಕ್ಷೆ ಬರೆದ ಎಂಜಿನಿಯರು ಕರಣಿ ಹಿಡಿದು ಗೋಡೆ ಎಬ್ಬಿಸಲಾರರು. ಗೌಂಡಿಗೆ ಸೆಂಟ್ರಿಂಗ್‌ನವರು ಬೇಕು, ಸೆಂಟ್ರಿಂಗ್‌ನವರಿಗೆ ಸಾಮಾನು ಹೊರುವ ಹೆಣ್ಣುಮಕ್ಕಳು ಬೇಕು. ತಾನೊಬ್ಬನೇ ಮಾಡಿದ್ದು ಎಂದು ಬೊಟ್ಟು ಮಾಡಿ ತೋರಿಸುವ ಒಂದು ಅಡಿ ಜಾಗವೂ ಕಟ್ಟಡದಲ್ಲಿ ಇರುವುದಿಲ್ಲ.

ಸಿವಿಲ್ ಎಂಜಿನಿಯರಿಂಗ್ ಓದುತ್ತಾ ಒಬ್ಬ ಗುತ್ತಿಗೆದಾರರ ಬಳಿ ಯೋಜನಾ ನಿರ್ವಹಣೆಯ ಇಂಟರ್ನ್‌ಶಿಪ್‌ಗೆ ಸೇರಿದಾಗ ನನಗೆ ಸಿಕ್ಕ ಜಾಗ ಗಾದೆಯ ನಡುವಿನ ಪಾದ. ಬಳ್ಳಾರಿ ನಗರದಲ್ಲಿ ಮೂರಂತಸ್ತಿನ ವಸತಿ ಕಟ್ಟಡ, ಸಿರುಗುಪ್ಪದಲ್ಲಿ ಭತ್ತದ ಗೋದಾಮು, ಕುರುಗೋಡಿನಲ್ಲಿ ಗುಡ್ಡದ ಬುಡದ ಒಂದು ಸಣ್ಣ ಕಟ್ಟಡ. ಮೂರೂ ಕಡೆ ಓಡಾಡಿ ದಿನದ ವರದಿ ಬರೆಯುವುದು, ಸಾಮಾನಿನ ಲೆಕ್ಕ ಇಡುವುದು, ಕಂಪ್ಯೂಟರಿನಲ್ಲಿರುವ ವೇಳಾಪಟ್ಟಿಯನ್ನು ತಿದ್ದುವುದು ನನ್ನ ಕೆಲಸ. ಇಂಟರ್ನ್ ಆಳೂ ಅಲ್ಲ, ಒಡೆಯನೂ ಅಲ್ಲ. ಮೇಲಿನವರ ಮಾತು ಕೆಳಗೆ, ಕೆಳಗಿನವರ ಮಾತು ಮೇಲೆ ಹೋಗುವುದು ಅವನ ಮೂಲಕ. ‘ಮಗ ಮಾಡಿದ್ದು ಮಧ್ಯಮ’ ಎಂಬುದನ್ನು ಕೆಲಸದ ಗುಣಕ್ಕೆ ಹಾಕಿದ ದರ್ಜೆ ಎಂದೇ ಎಲ್ಲರೂ ಓದುತ್ತಾರೆ. ನಡುವೆ ನಿಂತವನ ಹೊಣೆ ಎಂದೂ ಅದನ್ನು ಓದಬಹುದು. ಗಾದೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಪಾದವೇ.

ನಡುವಿನ ಮಾತು ಹರಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿಯಲ್ಲಿ ದೂರ ಹುಡುಕಬೇಕಿಲ್ಲ, ತಲೆ ಎತ್ತಿದರೆ ಕೋಟೆ ಕಾಣುತ್ತದೆ. ಗುಡ್ಡದ ಮೇಲಿನ ಕೋಟೆ ಪಾಳೆಯಗಾರ ಹನುಮಪ್ಪ ನಾಯಕನದು. ಹದಿನೆಂಟನೇ ಶತಮಾನದಲ್ಲಿ ಬಳ್ಳಾರಿ ಹೈದರಾಲಿಯ ವಶವಾದಾಗ ಅವನು ಒಬ್ಬ ಫ್ರೆಂಚ್ ಎಂಜಿನಿಯರನಿಂದ ಮೇಲಿನ ಕೋಟೆಯನ್ನು ಬಲಪಡಿಸಿ, ಕೆಳಗೆ ಇನ್ನೊಂದು ಕೋಟೆ ಕಟ್ಟಿಸಿದ. ಕೆಲಸವೆಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವಿದೆ, ಅಲ್ಲಿಂದ ಫಿರಂಗಿ ಹೊಡೆದರೆ ಕೋಟೆ ಉಳಿಯುವುದಿಲ್ಲ ಎಂಬುದು ಅರಿವಿಗೆ ಬಂದು, ಹೈದರಾಲಿ ಆ ಎಂಜಿನಿಯರನನ್ನು ಗಲ್ಲಿಗೇರಿಸಿದ ಎಂದು ಊರು ಹೇಳುತ್ತದೆ. ಎಂಜಿನಿಯರನ ಸಮಾಧಿ ಪೂರ್ವದ ಬಾಗಿಲ ಬಳಿ ಇದೆ ಎಂಬ ನಂಬಿಕೆಯೂ ಇದೆ.

ಈ ಕತೆಯನ್ನು ಶಾಲೆಯ ದಿನಗಳಿಂದ ಕೇಳಿದ್ದೇನೆ. ಸೈಟಿನಲ್ಲಿ ನಿಂತು ನೆನೆದಾಗ ಅದರ ರೂಪವೇ ಬೇರೆಯಾಯಿತು. ಕೋಟೆಗೆ ಆ ಗುಡ್ಡವನ್ನು ಆರಿಸಿದ್ದು ಎಂಜಿನಿಯರನಲ್ಲ, ಕೋಟೆ ಅವನು ಬರುವ ಮೊದಲೇ ಅಲ್ಲಿತ್ತು. ಎದುರಿನ ಗುಡ್ಡ ರಾತ್ರೋರಾತ್ರಿ ಬೆಳೆದದ್ದೂ ಅಲ್ಲ. ಎರಡನ್ನೂ ಹತ್ತಿ ಇಳಿದ ಕುರಿಗಾಹಿಗಳಿಗೆ ಯಾವುದು ಎತ್ತರ ಎಂದು ಕಾಲೇ ಹೇಳಿರುತ್ತದೆ. ಕಲ್ಲು ಹೊತ್ತವರಿಗೂ ಮೇಲೆ ನಿಂತಾಗ ಕಂಡಿರುತ್ತದೆ. ಅವರನ್ನು ಯಾರಾದರೂ ಕೇಳಿದರೇ? ಅವರು ಹೇಳಿದ್ದರೆ ಯಾರ ಕಿವಿಗೆ ಹೋಗುತ್ತಿತ್ತು? ಕತೆಯಲ್ಲಿ ಅದಕ್ಕೆ ಜಾಗವಿಲ್ಲ. ಒಡೆಯ, ತಪ್ಪು ಹೊರಬೇಕಾದ ಒಬ್ಬ ಆಳು, ಇಬ್ಬರೇ ಇದ್ದಾರೆ. ಹಾಳಾದದ್ದಕ್ಕೆ ಆಳನ್ನು ಹೊಣೆಮಾಡುವ ಅಭ್ಯಾಸವನ್ನು ಗಾದೆ ಸೃಷ್ಟಿಸಲಿಲ್ಲ, ಅದಕ್ಕೆ ಪ್ರಾಸವನ್ನಷ್ಟೇ ಕೊಟ್ಟಿತು.

ನಮ್ಮ ವೇಳಾಪಟ್ಟಿಗೆ ಬರುತ್ತೇನೆ. ಯಾವ ಕೆಲಸ ತಡವಾದರೆ ಇಡೀ ಕಟ್ಟಡ ತಡವಾಗುತ್ತದೆ ಎಂದು ಹುಡುಕುವ ಕ್ರಿಟಿಕಲ್ ಪಾತ್ ಲೆಕ್ಕ 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ರಾಸಾಯನಿಕ ಕಂಪನಿಯಲ್ಲಿ ರೂಪುಗೊಂಡಿತು. ತರಗತಿಯಲ್ಲಿ ಅದನ್ನು ಬಿಡಿಸುವುದು ನನಗೆ ಇಷ್ಟದ ಕೆಲಸ. ಆದರೆ ಸಿರುಗುಪ್ಪದ ಗೋದಾಮಿನ ಪಟ್ಟಿಯಲ್ಲಿ ಕಾಲುವೆ ಇರಲಿಲ್ಲ. ನೀರು ಬಿಟ್ಟ ಸುದ್ದಿ ಬಂದದ್ದೇ ಹೆಣ್ಣಾಳುಗಳು ನಾಟಿಗೆ ಹೋಗುತ್ತಾರೆ. ನಾಟಿಯ ಕೂಲಿ ಏರುತ್ತದೆ, ಗುಂಪಾಗಿ ಗುತ್ತಿಗೆ ಹಿಡಿದರೆ ಇನ್ನೂ ಹೆಚ್ಚು. ಅವರು ‘ಕೈಕೊಟ್ಟರು’ ಎಂದು ಕಚೇರಿಯಲ್ಲಿ ಮಾತಾಯಿತು. ಅಂಥದ್ದೇನೂ ಆಗಿರಲಿಲ್ಲ. ನೀರು ಬಂದರೆ ನಾಟಿಗೆ ಹೋಗುತ್ತೇವೆಂದು ಅವರು ಮೇಸ್ತ್ರಿಗೆ ಮೊದಲೇ ಹೇಳಿದ್ದರು. ಮೇಸ್ತ್ರಿಯಿಂದ ಮುಂದಕ್ಕೆ ಆ ಮಾತು ಬಂದಿರಲಿಲ್ಲ. ಅಲ್ಲಿನದು ಎರೆಮಣ್ಣು, ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಪಾಯದಿಂದ ಅದನ್ನು ತೆಗೆದು ಗರಸು ತುಂಬಿ, ಪದರ ಪದರವಾಗಿ ನೀರು ಹೊಡೆದು ದಮ್ಮಸು ಮಾಡುವ ಕೆಲಸ ಅರ್ಧಕ್ಕೆ ನಿಂತಿತ್ತು. ಮುಂದಿನ ಪಟ್ಟಿಯಲ್ಲಿ ಕಾಲುವೆಗೆ ನೀರು ಬಿಡುವ ವಾರಕ್ಕೂ ಒಂದು ಸಾಲು ಬಂತು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಇನ್ನೊಂದು.

ಕುರುಗೋಡಿನಲ್ಲಿ ಮಣ್ಣಿನ ಸಮಸ್ಯೆ ಬೇರೆ ಬಗೆಯದು. ಒಂದು ಕಾಲಕ್ಕೆ ಸಿಂದರ ರಾಜಧಾನಿಯಾಗಿದ್ದ ಆ ಊರಿನ ಸುತ್ತ ಕಲ್ಲುಗುಡ್ಡಗಳೇ. ಪಾಯ ತೋಡುವಾಗ ಒಂದು ಮೂಲೆಯಲ್ಲಿ ಬಂಡೆ ಹತ್ತಿತು, ಎದುರು ಮೂಲೆಯಲ್ಲಿ ಮಣ್ಣು ಮುಗಿಯಲೇ ಇಲ್ಲ. ಕಲ್ಲು ಕಟ್ಟುವ ಹಿರಿಯ ಗೌಂಡಿಯೊಬ್ಬರು ಕುಳಿತಲ್ಲಿಂದಲೇ ಹೇಳಿದರು: “ಒಂದ್ ಕಾಲು ಬಂಡಿ ಮ್ಯಾಗ, ಒಂದ್ ಕಾಲು ಮಣ್ಣಾಗ ಇಟ್ರ ಗ್ವಾಡಿ ಸೀಳ್ತೈತಿ ನೋಡಪ್ಪ.” ಒಂದು ಬದಿ ಕುಸಿದು ಇನ್ನೊಂದು ಬದಿ ನಿಂತರೆ ಗೋಡೆಯಲ್ಲಿ ಓರೆ ಬಿರುಕು ಬರುತ್ತದೆ ಎಂದು ನಮ್ಮ ಪಠ್ಯದಲ್ಲಿ ಒಂದು ಅಧ್ಯಾಯವೇ ಇದೆ. ಆ ದಿನದ ವರದಿಯಲ್ಲಿ ಅವರ ಮಾತನ್ನು ಅವರದೆಂದೇ ಬರೆದು ಕಳಿಸಿದೆ. ವಿನ್ಯಾಸದ ಎಂಜಿನಿಯರು ಬಂದು ನೋಡಿ, ಪಾಯದ ವಿವರವನ್ನು ಬದಲಿಸಿದರು.

ಬಳ್ಳಾರಿ ನಗರದ ಕಟ್ಟಡದಲ್ಲಿ ಸ್ಲ್ಯಾಬ್ ಹಾಕುವ ದಿನದ್ದು ನನಗೆ ಇನ್ನೂ ಮುಖ್ಯ. ಇಲ್ಲಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅದಕ್ಕೇ ಕಾಂಕ್ರೀಟ್ ನಸುಕಿನಲ್ಲೇ ಶುರು. ಗೋಡೆಯಿಂದ ಹೊರಚಾಚಿದ ಬಾಲ್ಕನಿಗೆ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿ ಇರಬೇಕು, ಎಳೆತ ಬೀಳುವುದು ಅಲ್ಲೇ. ಪುಟ್ಟಿ ಹೊತ್ತವರು ಓಡಾಡುವಾಗ ಆ ಕಬ್ಬಿಣ ತುಳಿತಕ್ಕೆ ಸಿಕ್ಕಿ ಕೆಳಗಿಳಿದರೆ, ನಕ್ಷೆ ಎಷ್ಟೇ ಸರಿಯಿದ್ದರೂ ಬಾಲ್ಕನಿ ಉಳಿಯುವುದು ಕಷ್ಟ. ಅದನ್ನು ಎತ್ತಿ ಹಿಡಿಯುವುದು ಕೆಳಗಿಡುವ ಕಬ್ಬಿಣದ ಚೇರುಗಳು. ಕಬ್ಬಿಣ ಕಟ್ಟುವ ಹುಡುಗನೊಬ್ಬ ಮೆಲ್ಲಗೆ ಬಂದು, “ಸಾರ್, ಚೇರ್ ಕಮ್ಮಿ ಬಿದ್ದಾವ” ಎಂದ. ಮಿಕ್ಸರ್ ತಿರುಗುತ್ತಿತ್ತು, ಸೈಟ್ ಎಂಜಿನಿಯರು ಸಿರುಗುಪ್ಪದಲ್ಲಿದ್ದರು. ಫೋನ್ ಮಾಡಿದೆ. ಅವರು ಒಂದೇ ಮಾತಿಗೆ ಬಾಲ್ಕನಿಯ ಭಾಗವನ್ನು ತಡೆಯಲು ಹೇಳಿದರು. ಉಳಿದ ತುಂಡು ಕಬ್ಬಿಣವನ್ನೇ ಬಗ್ಗಿಸಿ ಚೇರು ಮಾಡಿ ಇಟ್ಟ ಮೇಲೆ ಕೆಲಸ ಮುಂದುವರಿಯಿತು. ಆ ಹುಡುಗ ಶಾಲೆ ಬಿಟ್ಟವನು, ಆದರೆ ಇಂಗ್ಲಿಷಿನ ನಕ್ಷೆಯಲ್ಲಿ ಕಂಬಿಯ ದಪ್ಪ ಮತ್ತು ಅಂತರವನ್ನು ತಡವರಿಸದೆ ಓದುತ್ತಾನೆ. ಅವನು ಸುಮ್ಮನಿದ್ದಿದ್ದರೆ ಬಾಲ್ಕನಿ ‘ಹಾಳು’ ಆಗುತ್ತಿತ್ತು, ದೂರೂ ಅವನ ಮೇಲೆಯೇ ಬರುತ್ತಿತ್ತು.

ಇನ್ನೊಂದು ವಿಷಯವಿದೆ, ನನ್ನ ಸಹಪಾಠಿಗಳು ಇದನ್ನು ಗಮನವಿಟ್ಟು ಓದಬೇಕು. ಪ್ರತಿ ಸ್ಲ್ಯಾಬಿನ ಕಾಂಕ್ರೀಟಿನಿಂದ 150 ಮಿಲಿಮೀಟರಿನ ಘನಗಳನ್ನು ಅಚ್ಚುಹಾಕಿ, 28 ದಿನಕ್ಕೆ ಒಡೆದು ಬಲ ನೋಡುತ್ತೇವೆ. ಫಲಿತಾಂಶ ಚೆನ್ನಾಗಿ ಬಂದರೆ ಕಡತ ಮುಚ್ಚುತ್ತದೆ. ಆದರೆ ಆ ಘನ ಅಷ್ಟು ದಿನವೂ ಪ್ರಯೋಗಾಲಯದ ತಂಪು ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ, ಸ್ಲ್ಯಾಬ್ ಬಳ್ಳಾರಿಯ ಬಿಸಿಲಿನಲ್ಲಿ ಬಿದ್ದಿರುತ್ತದೆ. ಇಲ್ಲಿ ಸಾಕಷ್ಟು ಬಳಕೆಯಲ್ಲಿರುವುದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಯ ಕಿಟ್ಟದಿಂದಾಗುವ ಸ್ಲ್ಯಾಗ್ ಸಿಮೆಂಟ್. ಅದು ಒಳ್ಳೆಯ ಸಿಮೆಂಟೇ, ಬಲ ಮಾತ್ರ ನಿಧಾನವಾಗಿ ಕೂಡುತ್ತದೆ. ಹಾಗಾಗಿ ಇಂಥ ಮಿಶ್ರ ಸಿಮೆಂಟಿಗೆ ಕ್ಯೂರಿಂಗನ್ನು, ಅಂದರೆ ಸ್ಲ್ಯಾಬಿಗೆ ನೀರುಣಿಸುವುದನ್ನು, 14 ದಿನಕ್ಕೆ ವಿಸ್ತರಿಸಬೇಕೆಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಶಿಫಾರಸು ಮಾಡುತ್ತದೆ. ಆ ನೀರು ಹೊಡೆಯುವವರು ಯಾರು? ಸೈಟಿನಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿರುವ ಕಾವಲುಗಾರನ ಮನೆಯವರು. ದಿನಾ ನಲ್ಲಿಯಲ್ಲಿ ನೀರು ಬರದ ಊರಿನಲ್ಲಿ ಟ್ಯಾಂಕರಿನ ದಾರಿ ಕಾಯ್ದು, ಗೋಣಿಚೀಲ ಹಾಸಿ, ಹೊತ್ತು ಹೊತ್ತಿಗೆ ತೋಯಿಸುವವರು ಅವರು. ಘನದ ಅಂಕಿ ನಾವು ಬೆರೆಸಿದ ಕಾಂಕ್ರೀಟಿನ ಗುಣವನ್ನು ಹೇಳುತ್ತದೆ. ಸ್ಲ್ಯಾಬಿನ ನಿಜವಾದ ಗಟ್ಟಿತನ ಆ ಮನೆಯವರ ಕೈಯಲ್ಲಿದೆ. ಕ್ಯೂರಿಂಗ್ ಯಾಕೆ, ಎಷ್ಟು ದಿನ ಎಂದು ಅವರಿಗೆ ಕನ್ನಡದಲ್ಲಿ ಕೂತು ಹೇಳುವುದು ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ಹೇಳಿದ ಮೇಲೆ ಅವರು ನನಗಿಂತ ಕಟ್ಟುನಿಟ್ಟಾದರು.

ಗಾದೆಯ ‘ತಾನು’ ಎದ್ದು ಕಂಡ ಕೆಲಸವೂ ಒಂದಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಈ ಜಿಲ್ಲೆಯವರು ಮರೆಯುವುದಿಲ್ಲ. ಸಿರುಗುಪ್ಪ, ಕುರುಗೋಡಿನ ಭತ್ತದ ಬದುಕೇ ಆ ನೀರು. ಅಣೆಕಟ್ಟೆಗಳ ಗೇಟುಗಳನ್ನು ಬಲ್ಲ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಸ್ಥಳದಲ್ಲೇ ನಿಂತರು. ರಭಸದಿಂದ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಅಡ್ಡತಡೆಗಳನ್ನು ಒಂದೊಂದಾಗಿ ಇಳಿಸಿ ಸುಮಾರು ಒಂದು ವಾರದಲ್ಲಿ ನೀರು ತಡೆದರು. ಅಲ್ಲಿ ‘ತಾನು’ ಇದ್ದರು, ನಿಜ. ಕ್ರೇನಿನವರು, ಬೆಸುಗೆಯವರು, ಕಟ್ಟೆಯ ಮೇಲೆ ದುಡಿದ ಇತರರೂ ಇದ್ದರು. ಹೇಳುವವರ ಮತ್ತು ಮಾಡುವವರ ನಡುವೆ ಮಾತು ಒಂದು ಗಳಿಗೆಯೂ ಕಡಿಯಲಿಲ್ಲ ಎಂಬುದಕ್ಕೆ ಆ ಕೆಲಸ ಮುಗಿದದ್ದೇ ಸಾಕ್ಷಿ.

ನಮ್ಮ ದಿನದ ವರದಿಯ ನಮೂನೆಯಲ್ಲಿ ಗೌಂಡಿ ಇಷ್ಟು, ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು ಎಂಬ ಅಂಕಿಗಳಿಗೆ ಮಾತ್ರ ಜಾಗವಿತ್ತು. ಹೆಸರಿನ ಕಾಲಂ, ಅದರ ಪಕ್ಕಕ್ಕೆ ‘ಕೆಲಸದವರು ಹೇಳಿದ್ದು’ ಎಂಬ ಇನ್ನೊಂದು ಕಾಲಂ ಸೇರಿಸಲು ಕೇಳಿದೆ, ಗುತ್ತಿಗೆದಾರರು ಒಪ್ಪಿದರು. ಹೆಸರಿನ ಕಾಲಮಿನಿಂದ ನಾನು ಎಣಿಸದ ಒಂದು ಪ್ರಯೋಜನವೂ ಆಯಿತು. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ದಾಖಲೆ ಬೇಕು. ಪುಟ್ಟಿ ಹೊರುವ ಹೆಣ್ಣುಮಕ್ಕಳು ಎಷ್ಟೋ ವರ್ಷ ದುಡಿದಿದ್ದರೂ ಅದಕ್ಕೊಂದು ಕಾಗದವಿರಲಿಲ್ಲ. ಈಗ ಸಿರುಗುಪ್ಪದ ಗುಂಪಿನವರು ಬಟವಾಡೆಯ ದಿನ ಕೂಲಿ ಎಣಿಸಿಕೊಳ್ಳುವ ಮೊದಲು ರಿಜಿಸ್ಟರ್ ತೆರೆಸಿ, ತಮ್ಮ ಹೆಸರಿನ ಮುಂದೆ ಆ ವಾರದ ದಿನಗಳು ಸರಿಯಾಗಿ ಬಿದ್ದಿವೆಯೇ ಎಂದು ಓದಿಸಿ ಕೇಳುತ್ತಾರೆ.