ಬಿಟ್ಟುಹೋಗುವುದು, ಒಪ್ಪಿಸಿಹೋಗುವುದು

ಅಮೆರಿಕದಲ್ಲಿ ಕುಟುಂಬ ವೈದ್ಯಕೀಯವು ಪ್ರತ್ಯೇಕ ತಜ್ಞಶಾಖೆಯೆಂಬ ಮನ್ನಣೆ ಪಡೆದುದು 1969ರಲ್ಲಿ. ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಇದರ ತರಬೇತಿ ಪಡೆಯುವ ರೆಸಿಡೆಂಟ್ ವೈದ್ಯರು ಹೆರಿಗೆಯಿಂದ ಹಿಡಿದು ವೃದ್ಧರ ಆರೈಕೆಯವರೆಗೆ ಎಲ್ಲವನ್ನೂ ಕಲಿಯುತ್ತಾರೆ; ತಮ್ಮ ಪಾಲಿನ ಕುಟುಂಬಗಳನ್ನು ಮೂರು ವರ್ಷವೂ ನೋಡಿಕೊಳ್ಳುತ್ತಾರೆ. ರೋಗದೊಡನೆ ರೋಗಿಯನ್ನೂ ಅರಿಯುವುದೇ ಈ ವಿದ್ಯೆಯ ತಿರುಳು.

ಆದರೆ 2003ರಿಂದ ಅಲ್ಲಿ ಎಲ್ಲ ರೆಸಿಡೆಂಟರಿಗೂ ಒಂದು ಮಿತಿಯಿದೆ: ನಾಲ್ಕು ವಾರಗಳ ಸರಾಸರಿಯಲ್ಲಿ ವಾರಕ್ಕೆ 80 ಗಂಟೆಯ ದುಡಿಮೆ. ಎರಡು ವರ್ಷದಿಂದ ಬಲ್ಲ ಮುದುಕಿಯೊಬ್ಬಳು ಕೊನೆಗಾಲದಲ್ಲಿರುವಾಗ ಪಾಳಿ ಮುಗಿದರೆ? ಉಳಿದ ರೋಗಿಗಳನ್ನು ಬೇರೆಯವರಿಗೆ ಒಪ್ಪಿಸಿ, ಅಪರೂಪಕ್ಕೆ ಸ್ವಇಚ್ಛೆಯಿಂದ ಅವಳ ಬಳಿ ಉಳಿಯಬಹುದು. ಆ ಗಂಟೆಗಳೂ 80ರಲ್ಲೇ ಸೇರುತ್ತವೆ.

ಉಳಿಯುವುದೇ ಧರ್ಮವೆಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ನಿದ್ದೆಗೆಟ್ಟ ಕೈ ನಾಳೆ ಔಷಧಿಯ ಅಳತೆ ತಪ್ಪಿದರೆ, ಕೆಡುಕು ತಟ್ಟುವುದು ಇನ್ನೊಬ್ಬರ ತಾಯಿಗೆ. ಹಾಗಾದರೆ ಹೊರಟುಹೋಗುವುದೇ ಸರಿಯೆ? ಅದೂ ಪೂರ್ಣ ಉತ್ತರವಲ್ಲ. ನಾಡಿ, ಜ್ವರಗಳ ಲೆಕ್ಕದ ಜೊತೆಗೆ ‘ಈಕೆಗೆ ಕತ್ತಲೆಂದರೆ ಭಯ, ಮಗ ದೂರದಿಂದ ಬರುತ್ತಿದ್ದಾನೆ’ ಎಂಬುದನ್ನೂ ಮುಂದಿನವರಿಗೆ ತಿಳಿಸಿ ಹೋದವನು ಅವಳನ್ನು ಬಿಟ್ಟುಹೋದವನಲ್ಲ, ಒಪ್ಪಿಸಿಹೋದವನು.

ಊರಿನಲ್ಲಿ ಹೆತ್ತವರನ್ನು ಅಣ್ಣನಿಗೋ ನೆರೆಯವರಿಗೋ ಒಪ್ಪಿಸಿ ದುಡಿಮೆಗೆಂದು ಬಂದ ನಮಗೆ ಈ ಅಂತರ ತಿಳಿಯದ್ದೇನಲ್ಲ. ತಿಂಗಳಿಗೊಮ್ಮೆ ಹಣ ಕಳಿಸುತ್ತೇವೆ. ಅವರ ಬಗ್ಗೆ ನಾವು ಬಲ್ಲುದನ್ನು, ಅವರ ಭಯಗಳನ್ನು, ನೋಡಿಕೊಳ್ಳುವವರಿಗೆ ಹೇಳಿದ್ದೇವೆಯೆ?